ಗೊತ್ತಿರುವ ಇಂಗ್ಲಿಷ್ ಪದಗಳನ್ನೇ ಮೊದಲು ಕಲಿಯಿರಿ: ಅರ್ಥ ಮತ್ತು ಬಳಕೆಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಯಂತ್ರದ ಬಿಡಿಭಾಗಗಳನ್ನು ಹೊರದೇಶಕ್ಕೆ ಕಳಿಸುವ ಕಂಪನಿ. ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಒಬ್ಬ ಗಿರಾಕಿ ಕಳಿಸಿದ ಹಣಕ್ಕೂ ನಮ್ಮ ಬಿಲ್ಲಿಗೂ ಚೂರು ವ್ಯತ್ಯಾಸ ಬಂದಿತ್ತು. ಯಾಕೆ ಅಂತ ಕೇಳೋಣ ಎಂದು ಇಮೇಲ್ ಬರೆದೆ: 'ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಪೇಮೆಂಟ್.' ನನ್ನ ಪ್ರಕಾರ ಅದು ಬಹಳ ಮರ್ಯಾದೆಯ ವಾಕ್ಯ. ಮರುದಿನ ಉತ್ತರ ಬಂತು. ನನಗಲ್ಲ, ನಮ್ಮ ಮ್ಯಾನೇಜರಿಗೆ. ಇಷ್ಟು ವರ್ಷ ವ್ಯವಹಾರ ಮಾಡಿದ ಮೇಲೂ ನಮ್ಮ ಮೇಲೆ ಅನುಮಾನವೇ ಎಂದು ಅವರು ಕೇಳಿದ್ದರು.

ನಾನು ಕೇಳಿದ್ದು ಪ್ರಶ್ನೆ. ಅವರಿಗೆ ಕೇಳಿಸಿದ್ದು ಅನುಮಾನ. ಕನ್ನಡದಲ್ಲಿ 'ಸರ್, ಒಂದು ಡೌಟು' ಅಂದರೆ ಗೊತ್ತಾಗದ್ದನ್ನು ಕೇಳುವುದು. ಇಂಗ್ಲಿಷಿನಲ್ಲಿ 'ಡೌಟ್' ಅಂದರೆ ನಂಬಿಕೆ ಅಲುಗಾಡುವುದು. ನಾನು ಬರೆಯಬೇಕಿದ್ದದ್ದು 'ಐ ಹ್ಯಾವ್ ಎ ಕ್ವೆಶ್ಚನ್' ಎಂದು, ಅಷ್ಟೇ.

ಅವತ್ತಿನ ತನಕ ನನ್ನ ಬಳಿ ಕಷ್ಟದ ಪದಗಳ ದೊಡ್ಡ ಪಟ್ಟಿ ಇತ್ತು. ಯಾರೂ ಆಡದ, ಪರೀಕ್ಷೆಗೆ ಮಾತ್ರ ಬರುವಂಥವು. ಆದರೆ ನನ್ನನ್ನು ಬೀಳಿಸಿದ್ದು ಮೂರನೇ ಕ್ಲಾಸಿನಿಂದ ಬಾಯಲ್ಲಿದ್ದ ಪದ. ಆಮೇಲೆ ನಾನು ಕಲಿಯುವ ಕ್ರಮವನ್ನೇ ತಿರುಗಿಸಿದೆ. ಮೊದಲು ಬಾಯಲ್ಲಿರುವ ಪದ, ಆಮೇಲೆ ಹೊಸ ಪದ. ಈಗ ಕಚೇರಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೂ ಅದನ್ನೇ ಹೇಳಿಕೊಡುತ್ತೇನೆ. ಆ ಕ್ರಮ ಹೀಗಿದೆ.

ಹಂತ 1: ಸಾಮಾನು

200 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಡಿಕ್ಷನರಿ. ಡಿಕ್ಷನರಿ ಯಾವುದು ಅನ್ನುವುದು ಮಾತ್ರ ಮುಖ್ಯ.

ಇಂಗ್ಲಿಷ್-ಕನ್ನಡ ನಿಘಂಟು ಮನೆಯಲ್ಲಿ ಇರಲಿ, ಬೇಕೇ ಬೇಕು. ಆದರೆ ಅದೊಂದನ್ನೇ ನಂಬಿದರೆ ಕಷ್ಟ. 'ಇಶ್ಯೂ' ಎಂಬ ಪದ ನೋಡಿ. ಸಂತತಿ, ಸಂಚಿಕೆ, ವಿವಾದಾಂಶ, ಹೊರಹರಿವು ಎಂದು ಸಾಲಾಗಿ ಅರ್ಥ ಸಿಗುತ್ತವೆ. ಎಲ್ಲವೂ ಸರಿಯೇ. ಆದರೆ ಯಾವುದು ಎಲ್ಲಿ ಎಂದು ಆ ಸಾಲು ಹೇಳುವುದಿಲ್ಲ.

ಅದಕ್ಕೇ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ ಬೇಕು. ಇವುಗಳ ಹುಟ್ಟು ಸ್ವಾರಸ್ಯವಾಗಿದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಇಬ್ಬರು ಸಂಗಡಿಗರ ಜೊತೆ ಸೇರಿ ಇಂಥದ್ದೊಂದನ್ನು ಸಿದ್ಧಪಡಿಸಿದರು. 1942ರಲ್ಲಿ, ಯುದ್ಧದ ನಡುವೆ, ಅದು ಜಪಾನಿನಲ್ಲೇ ಅಚ್ಚಾಯಿತು. ಇಂದು ಅಂಗಡಿಗಳಲ್ಲಿ ಸಿಗುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರ ಮುಂದುವರಿಕೆ. 1978ರಲ್ಲಿ ಲಾಂಗ್‌ಮನ್ ಪ್ರಕಾಶನ ಇನ್ನೊಂದು ಹೆಜ್ಜೆ ಇಟ್ಟಿತು. ಸುಮಾರು 2000 ಸುಲಭ ಪದಗಳನ್ನು ಆರಿಸಿಕೊಂಡು, ಅವುಗಳಲ್ಲೇ ಎಲ್ಲ ಪದಗಳ ಅರ್ಥ ಬರೆಯಿತು. ಅರ್ಥ ನೋಡಲು ಹೋಗಿ, ಅದರೊಳಗಿನ ಪದಕ್ಕೆ ಮತ್ತೆ ಅರ್ಥ ಹುಡುಕುವ ಫಜೀತಿ ಇಲ್ಲ. ಎರಡೂ ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ. ಉಚ್ಚಾರಣೆಯನ್ನು ಒತ್ತಿ ಕೇಳಲೂಬಹುದು.

ಹಂತ 2: ಒಂದು ದಿನದ ಪದಗಳನ್ನು ಹಿಡಿಯಿರಿ

ನಾಳೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ನಿಮ್ಮ ಕನ್ನಡದಲ್ಲಿ ಬಂದ ಇಂಗ್ಲಿಷ್ ಪದಗಳನ್ನೆಲ್ಲ ಬರೆಯಿರಿ. ಬ್ರಷ್, ಟಿಫನ್, ಕರೆಂಟು, ಮಿಸ್ ಕಾಲ್, ಟೆನ್ಷನ್, ಅಡ್ಜಸ್ಟ್, ಸೈಟು, ಹೋಟೆಲು, ಫ್ರೀ, ಜೆರಾಕ್ಸ್, ಸ್ಟೆಪ್ನಿ, ಡಿಕ್ಕಿ. ಸಂಜೆಯೊಳಗೆ ನೂರು ದಾಟದಿದ್ದರೆ ನೀವು ಅವತ್ತು ಯಾರ ಹತ್ತಿರವೂ ಮಾತಾಡಿಲ್ಲ ಎಂದೇ ಅರ್ಥ.

ಈಗ ಒಂದೊಂದನ್ನೂ ಡಿಕ್ಷನರಿಯಲ್ಲಿ ನೋಡಿ ಮೂರು ಗುಂಪು ಮಾಡಿ.

ಮೊದಲ ಗುಂಪು, ಅರ್ಥ ಬದಲಾಗದವು. ಬ್ರಷ್, ಬಸ್ಸು, ಟಿಕೆಟ್ಟು. ಇವನ್ನು ಬಿಟ್ಟುಬಿಡಿ.

ಎರಡನೇ ಗುಂಪು, ಇಂಗ್ಲಿಷಿನಲ್ಲೂ ಇವೆ, ಆದರೆ ಅಲ್ಲಿ ಅರ್ಥವೇ ಬೇರೆ. ನಮ್ಮ ಕೆಲಸ ಜಾಸ್ತಿ ಇರುವುದು ಇಲ್ಲೇ.

ಮೂರನೇ ಗುಂಪು, ನಮ್ಮ ದೇಶದ ಆಚೆ ಯಾರಿಗೂ ಗೊತ್ತಾಗದವು. 'ಪ್ರಿಪೋನ್' ಇದರಲ್ಲಿ ಪ್ರಸಿದ್ಧ. 'ಪೋಸ್ಟ್‌ಪೋನ್' ಇದ್ದರೆ 'ಪ್ರಿಪೋನ್' ಯಾಕಿರಬಾರದು ಅನ್ನುವುದು ನಮ್ಮ ತರ್ಕ. ತರ್ಕ ಒಳ್ಳೆಯದೇ. ಆ ಪದ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿದೆ. ಆದರೂ ಲಂಡನ್ನಿನವರಿಗೆ 'ಬ್ರಿಂಗ್ ದ ಮೀಟಿಂಗ್ ಫಾರ್ವರ್ಡ್' ಎಂದರೆ ಥಟ್ಟನೆ ಗೊತ್ತಾಗುತ್ತದೆ. ಷಡ್ಡಕನಿಗೆ ನಾವು 'ಕೋ-ಬ್ರದರ್', ವಾರಗಿತ್ತಿಗೆ 'ಕೋ-ಸಿಸ್ಟರ್' ಅನ್ನುತ್ತೇವೆ. ಪಾಪ, ಇಂಗ್ಲಿಷಿನಲ್ಲಿ ಆ ಸಂಬಂಧಕ್ಕೆ ಹೆಸರೇ ಇಲ್ಲ. ಅಲ್ಲಿ 'ಮೈ ವೈಫ್ಸ್ ಸಿಸ್ಟರ್ಸ್ ಹಸ್ಬೆಂಡ್' ಎಂದು ಉದ್ದಕ್ಕೆ ಹೇಳಬೇಕು. 'ಕಸಿನ್ ಬ್ರದರ್' ಹುಟ್ಟಿದ್ದೂ ಇದೇ ಕೊರತೆಯಿಂದ. ಚಿಕ್ಕಪ್ಪನ ಮಗ, ಸೋದರತ್ತೆ ಮಗ, ದೊಡ್ಡಮ್ಮನ ಮಗಳು, ಎಲ್ಲರೂ ಅಲ್ಲಿ ಬರೀ 'ಕಸಿನ್'.

ಈ ಗುಂಪಿನಲ್ಲಿ ನನಗೆ ಪ್ರೀತಿಯ ಪದ ಸ್ಟೆಪ್ನಿ. 1904ರಲ್ಲಿ ವೇಲ್ಸ್‌ನ ಲನೆತ್ಲಿ ಊರಿನಲ್ಲಿ ಮೋಟಾರಿಗೆ ಬದಲಿ ಚಕ್ರ ಮಾಡುವ ಕೆಲಸ ಶುರುವಾಯಿತು. ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಚಕ್ರಕ್ಕೆ ಅಂಟಿತು. ಬ್ರಿಟನ್ನಿನ ಜನ ಅದನ್ನು ಮರೆತು 'ಸ್ಪೇರ್ ವೀಲ್' ಎಂದರು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಅದು ಇನ್ನೂ ಸ್ಟೆಪ್ನಿ. 'ಡಿಕ್ಕಿ'ಯೂ ಹಾಗೆಯೇ. ಹಳೆ ಕಾರುಗಳ ಹಿಂಭಾಗದಲ್ಲಿ ಬಿಚ್ಚಿ ಕೂರುವ ಸೀಟಿಗೆ ಇದ್ದ ಹೆಸರು ಅದು. ಈಗ ಬ್ರಿಟನ್ನಿನಲ್ಲಿ ಅದು 'ಬೂಟ್', ಅಮೆರಿಕದಲ್ಲಿ 'ಟ್ರಂಕ್'. ಇಂಥವನ್ನು ತಪ್ಪು ಅಂತ ಹೊಡೆದು ಹಾಕಬೇಡಿ. ಪಕ್ಕದಲ್ಲಿ ಹೊರಗಿನವರ ಪದ ಬರೆದುಕೊಳ್ಳಿ, ಸಾಕು.

ಹಂತ 3: ಅರ್ಥ ಬದಲಾದವನ್ನು ಒಂದೊಂದಾಗಿ ಸರಿಮಾಡಿ

ಇವುಗಳಿಗೆ ಒಂದೊಂದು ಪುಟ ಕೊಡಿ. ಮೇಲೆ ಪದ. ಎಡಕ್ಕೆ 'ನಾವು ಅನ್ನುವುದು', ಬಲಕ್ಕೆ 'ಅವರು ತಿಳಿಯುವುದು'. ಕೆಳಗೆ ಸರಿಯಾದ ವಾಕ್ಯ.

ಸೈಟು. ನಮಗೆ ಮನೆ ಕಟ್ಟುವ ಜಾಗ. 'ಐ ಹ್ಯಾವ್ ಎ ಸೈಟ್ ಇನ್ ಮೈಸೂರು' ಅಂದರೆ ಹೊರಗಿನವರು ವೆಬ್‌ಸೈಟ್ ಅಂದುಕೊಂಡಾರು, ಇಲ್ಲವೇ ಏನೋ ಕಟ್ಟಡದ ಕೆಲಸ ನಡೆಯುತ್ತಿದೆ ಅಂದುಕೊಂಡಾರು. ಬೇಕಾದ ಪದ 'ಪ್ಲಾಟ್'.

ಹೋಟೆಲು. ನಮಗೆ ಇಡ್ಲಿ ವಡೆ ಸಿಗುವ ಜಾಗ. ಅವರಿಗೆ ರಾತ್ರಿ ತಂಗುವ ಜಾಗ. ಹೊರದೇಶದ ಸಹೋದ್ಯೋಗಿಗೆ ಮಧ್ಯಾಹ್ನ ಒಂದು ಗಂಟೆಗೆ 'ಲೆಟ್ಸ್ ಗೋ ಟು ಎ ಹೋಟೆಲ್' ಅಂದರೆ ಮುಖ ಕೆಂಪಾದೀತು. 'ಲೆಟ್ಸ್ ಗೋ ಔಟ್ ಫಾರ್ ಲಂಚ್' ಅನ್ನಿ.

ಕರೆಂಟು. 'ಕರೆಂಟ್ ಹೋಯ್ತು' ಅನ್ನುವುದಕ್ಕೆ 'ಕರೆಂಟ್ ವೆಂಟ್' ಅಲ್ಲ. 'ದ ಪವರ್ ಇಸ್ ಔಟ್', ಇಲ್ಲವೇ 'ದೇರ್ ಇಸ್ ಎ ಪವರ್ ಕಟ್'. ಇಂಗ್ಲಿಷಿನಲ್ಲಿ 'ಕರೆಂಟ್' ಅಂದರೆ ತಂತಿಯಲ್ಲಿ ಹರಿಯುವುದೂ ಹೌದು, ಹೊಳೆಯ ಸೆಳೆತವೂ ಹೌದು, 'ಈಗಿನ' ಎಂಬ ಅರ್ಥವೂ ಹೌದು. ಕರೆಂಟ್ ಅಫೇರ್ಸ್ ಅಂದಾಗ ಇರುವುದು ಆ ಕೊನೆಯ ಅರ್ಥ.

ಪಾಸ್ ಔಟ್. 'ಐ ಪಾಸ್ಡ್ ಔಟ್ ಇನ್ 2019.' ನಾವು ಹೇಳಿದ್ದು ಡಿಗ್ರಿ ಮುಗಿಸಿದೆ ಎಂದು. ಅವರಿಗೆ ಕೇಳಿಸಿದ್ದು ಮೂರ್ಛೆ ಹೋದೆ ಎಂದು. 'ಐ ಗ್ರಾಜುಯೇಟೆಡ್' ಸರಿ.

ರಿವರ್ಟ್. 'ಕೈಂಡ್ಲಿ ರಿವರ್ಟ್' ನಮ್ಮ ಕಚೇರಿಗಳ ಮಂತ್ರ. ಮೂಲ ಅರ್ಥ ಹಿಂದಿನ ಸ್ಥಿತಿಗೆ ಮರಳುವುದು. ಕುಡಿತ ಬಿಟ್ಟವನು ಮತ್ತೆ ಹಳೆ ಚಾಳಿಗೆ ಬಿದ್ದರೆ ಅದು 'ರಿವರ್ಟ್'. ಪತ್ರಕ್ಕೆ ಉತ್ತರ ಬೇಕಿದ್ದರೆ 'ರಿಪ್ಲೈ' ಸಾಕು.

ಅಡ್ಜಸ್ಟ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರಾಗಿ ಕೂರುವಾಗ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುತ್ತೇವಲ್ಲ, ಅದರಲ್ಲಿ ಸರಿಯಿರಿ, ಸಹಿಸಿಕೊಳ್ಳಿ, ಬೇಜಾರಾಗಬೇಡಿ, ಮೂರೂ ಇವೆ. ಇಂಗ್ಲಿಷಿನ 'ಅಡ್ಜಸ್ಟ್'ಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅಲ್ಲಿ ಕನ್ನಡಿಯನ್ನು ಅಡ್ಜಸ್ಟ್ ಮಾಡುತ್ತಾರೆ, ಬೆಲ್ಟನ್ನು ಅಡ್ಜಸ್ಟ್ ಮಾಡುತ್ತಾರೆ, ಹೊಸ ಊರಿನ ಚಳಿಗೆ ಅಡ್ಜಸ್ಟ್ ಆಗುತ್ತಾರೆ. ರೈಲಿನಲ್ಲಿ ಅಪರಿಚಿತರಿಗೆ 'ಪ್ಲೀಸ್ ಅಡ್ಜಸ್ಟ್' ಅಂದರೆ ಏನನ್ನು ಅಂತ ಕೇಳುತ್ತಾರೆ. ಅಲ್ಲಿ 'ಕುಡ್ ಯೂ ಮೂವ್ ಓವರ್ ಎ ಲಿಟಲ್?' ಎಂದು ಕೇಳಬೇಕು.

ಟೆನ್ಷನ್. 'ಐ ಆಮ್ ಟೆನ್ಷನ್' ಅನ್ನುವುದು ವಾಕ್ಯವೇ ಆಗುವುದಿಲ್ಲ. ಹಗ್ಗದಲ್ಲಿ ಟೆನ್ಷನ್ ಇರುತ್ತದೆ, ಎರಡು ದೇಶಗಳ ನಡುವೆ ಇರುತ್ತದೆ. ಮನುಷ್ಯನಿಗೆ ಆಗುವುದನ್ನು ನಾಲ್ಕಾಗಿ ಒಡೆಯಿರಿ. ಇಂಟರ್‌ವ್ಯೂ ಕೋಣೆಯ ಹೊರಗೆ ಕೂತಾಗ 'ನರ್ವಸ್'. ಮಗ ರಾತ್ರಿ ಹತ್ತಾದರೂ ಮನೆಗೆ ಬರದಿದ್ದಾಗ 'ವರಿಡ್'. ಮಾರ್ಚ್ ತಿಂಗಳ ಕೊನೆಗೆ ಲೆಕ್ಕ ಮುಗಿಯದಿದ್ದಾಗ 'ಸ್ಟ್ರೆಸ್ಡ್'. ಕಾರಣ ಏನೇ ಇರಲಿ, ಮೈಯೆಲ್ಲ ಬಿಗಿಯಾದಾಗ 'ಟೆನ್ಸ್'. ಕನ್ನಡದಲ್ಲಿ ನಮಗೆ ಅಳುಕು, ದಿಗಿಲು, ಆತಂಕ, ಒತ್ತಡ ಎಲ್ಲ ಇದ್ದವು. ಅವುಗಳ ಜಾಗದಲ್ಲೆಲ್ಲ ಒಂದೇ 'ಟೆನ್ಷನ್' ಕೂತಿದೆ. ಇಂಗ್ಲಿಷ್ ಸರಿಮಾಡಲು ಹೋದರೆ ಕನ್ನಡವೂ ನೆನಪಾಗುತ್ತದೆ.

ಫೀಲ್. 'ಅವಳು ಫೀಲ್ ಮಾಡ್ಕೊಂಡಳು' ಅನ್ನುವುದು 'ಶಿ ವಾಸ್ ಹರ್ಟ್' ಅಥವಾ 'ಅಪ್‌ಸೆಟ್'. ಬರೀ 'ಶಿ ಫೆಲ್ಟ್' ಅಂದರೆ ವಾಕ್ಯ ಅರ್ಧಕ್ಕೇ ನಿಂತಂತೆ. ಏನು ಅನಿಸಿತು ಎಂದು ಕೇಳುವವರು ಕಾಯುತ್ತಲೇ ಇರುತ್ತಾರೆ.

ಎಕ್ಸ್‌ಪೈರ್. ಮಾತ್ರೆಗೆ, ಡ್ರೈವಿಂಗ್ ಲೈಸೆನ್ಸಿಗೆ, ಪಾಸ್‌ಪೋರ್ಟಿಗೆ. ತೀರಿಕೊಂಡವರಿಗೆ 'ಪಾಸ್ಡ್ ಅವೇ'.

ಹಂತ 4: ಕನ್ನಡದ ಕ್ರಿಯಾಪದದಿಂದ ಹೊರಡಿ

ನಾವು ಯೋಚಿಸುವುದು ಕನ್ನಡದಲ್ಲಿ. ಹಾಗಾಗಿ ಪಟ್ಟಿಯೂ ಕನ್ನಡದಿಂದಲೇ ಶುರುವಾಗಲಿ. 'ಹಾಕು' ಎಂದು ಪುಟದ ನಡುವೆ ಬರೆದು ಸುತ್ತ ಗೆರೆ ಎಳೆಯಿರಿ.

ಅಂಗಿ ಹಾಕು, 'ಪುಟ್ ಆನ್'. ಬೀಗ ಹಾಕು, 'ಲಾಕ್'. ಸಾರಿಗೆ ಉಪ್ಪು ಹಾಕು, 'ಆಡ್'. ಗಿಡಕ್ಕೆ ನೀರು ಹಾಕು, 'ವಾಟರ್', ಹೌದು, ಅಲ್ಲಿ ನೀರೇ ಕ್ರಿಯಾಪದ. ಕೆಲಸಕ್ಕೆ ಅರ್ಜಿ ಹಾಕು, 'ಅಪ್ಲೈ ಫಾರ್'. ಸಹಿ ಹಾಕು, 'ಸೈನ್'. ಓಟು ಹಾಕು, 'ವೋಟ್'. ಕೋಳಿ ಮೊಟ್ಟೆ ಹಾಕಿದರೆ 'ಲೇ'. ಫ್ಯಾನ್ ಹಾಕು, 'ಟರ್ನ್ ಆನ್'. ಮನೆಗೆ ಬಂದ ನೆಂಟರಿಗೆ 'ಶಲ್ ಐ ಪುಟ್ ದ ಫ್ಯಾನ್?' ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಮುಂದಿನ ಪುಟಕ್ಕೆ 'ತೆಗೆ'. ಬಾಗಿಲು ತೆಗೆ, ಚಪ್ಪಲಿ ತೆಗೆ, ಫೋಟೋ ತೆಗೆ, ಕಲೆ ತೆಗೆ, ಬ್ಯಾಂಕಿನಿಂದ ದುಡ್ಡು ತೆಗೆ, ಕೆಲಸದಿಂದ ತೆಗೆ. ಕ್ರಮವಾಗಿ 'ಓಪನ್', 'ಟೇಕ್ ಆಫ್', 'ಟೇಕ್', 'ರಿಮೂವ್', 'ವಿತ್‌ಡ್ರಾ', 'ಫೈರ್'. ಆಮೇಲೆ 'ಬಿಡು', 'ಹೊಡಿ', 'ಹಿಡಿ' ಇವನ್ನು ನೀವೇ ಮಾಡಿ. 'ಬಿಡು' ಒಂದಕ್ಕೇ ಎರಡು ಪುಟ ಬೇಕಾದೀತು.

ಇಲ್ಲೇ ಇನ್ನೊಂದು ಕಿಟಕಿ ಇದೆ. ಕನ್ನಡದಲ್ಲಿ 'ಇಸು' ಸೇರಿಸಿದರೆ ಸಾಕು, ಒಬ್ಬರು ಮಾಡುವ ಕೆಲಸ ಇನ್ನೊಬ್ಬರಿಂದ ಮಾಡಿಸುವ ಕೆಲಸವಾಗುತ್ತದೆ. ಕಲಿ, ಕಲಿಸು. ತಿನ್ನು, ತಿನ್ನಿಸು. ಏರು, ಏರಿಸು. ಇಂಗ್ಲಿಷಿನಲ್ಲಿ ಬಹಳ ಕಡೆ ಬೇರೆ ಪದವೇ ಬೇಕು. ಕಲಿ 'ಲರ್ನ್', ಕಲಿಸು 'ಟೀಚ್'. ತಿನ್ನು 'ಈಟ್', ತಿನ್ನಿಸು 'ಫೀಡ್'. ಬೆಲೆ ಏರಿದರೆ 'ರೈಸ್', ಅಂಗಡಿಯವನು ಏರಿಸಿದರೆ 'ರೇಸ್'. ನೆನಪಾಗು 'ರಿಮೆಂಬರ್', ನೆನಪಿಸು 'ರಿಮೈಂಡ್'. ನಮ್ಮ ಕಚೇರಿಯ ಹುಡುಗನೊಬ್ಬ ಹಿರಿಯ ಮೇಡಂ ಒಬ್ಬರಿಗೆ 'ಐ ವಿಲ್ ರಿಮೆಂಬರ್ ಯೂ ಟುನೈಟ್' ಎಂದು ಮೆಸೇಜು ಕಳಿಸಿದ್ದ. ರಾತ್ರಿ ಫೈಲಿನ ವಿಷಯ ನೆನಪಿಸುತ್ತೇನೆ ಅನ್ನುವುದು ಅವನ ಉದ್ದೇಶ. ರಾತ್ರಿಯೆಲ್ಲ ನಿಮ್ಮನ್ನೇ ನೆನೆಯುತ್ತಿರುತ್ತೇನೆ ಎಂದಾಗಿತ್ತು. ಪುಣ್ಯಕ್ಕೆ ಮೇಡಂ ಕನ್ನಡದವರು.

ಸಾಲದ ಜೋಡಿಯನ್ನೂ ಇದೇ ಪುಟದಲ್ಲಿ ಬರೆದುಬಿಡಿ. ಸಾಲ ಕೊಡುವುದು 'ಲೆಂಡ್', ಈಸಿಕೊಳ್ಳುವುದು 'ಬಾರೋ'. 'ಕ್ಯಾನ್ ಯೂ ಲೆಂಡ್ ಮಿ ಎ ಪೆನ್?' ಸರಿ. 'ಕ್ಯಾನ್ ಐ ಬಾರೋ ಎ ಪೆನ್?' ಇದೂ ಸರಿ. ಅದಲುಬದಲು ಮಾಡಿದರೆ ಕೊಡುವವರು ಯಾರು, ಪಡೆಯುವವರು ಯಾರು ಎಂಬುದೇ ತಿರುಗಿಬೀಳುತ್ತದೆ.

ಹಂತ 5: ಒಂದು ಚಿಕ್ಕ ಪದದ ಒಳಗೆ ಇಳಿಯಿರಿ

ಡಿಕ್ಷನರಿ ಓದುವುದನ್ನು ಒಂದು ಪದದ ಮೇಲೆ ಅಭ್ಯಾಸ ಮಾಡೋಣ. 'ರನ್' ತೆಗೆದುಕೊಳ್ಳಿ. ದೊಡ್ಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ಈ ಕ್ರಿಯಾಪದ ಒಂದಕ್ಕೇ 645 ಅರ್ಥಗಳನ್ನು ಎಣಿಸಿದ್ದಾರೆ. ಹೆದರಬೇಡಿ. ದಿನದ ಬದುಕಿಗೆ ಏಳೆಂಟು ಸಾಕು.

ಮನುಷ್ಯ ಓಡುತ್ತಾನೆ. ನಲ್ಲಿ ತೆರೆದರೆ ನೀರು 'ರನ್' ಆಗುತ್ತದೆ. ಬೆಂಗಳೂರು ಮೈಸೂರು ನಡುವೆ ಬಸ್ಸುಗಳು 'ರನ್' ಆಗುತ್ತವೆ. ನೆಗಡಿಯಾದರೆ ಮೂಗು 'ರನ್' ಆಗುತ್ತದೆ, ನಮ್ಮಲ್ಲಿ ಅದು ಸೋರುತ್ತದೆ. ಹೊಸ ಕೆಂಪು ಸೀರೆಯನ್ನು ಬಿಳಿ ಬಟ್ಟೆ ಜೊತೆ ನೆನೆಹಾಕಿದರೆ 'ದ ಕಲರ್ ರನ್ಸ್', ನಮ್ಮಲ್ಲಿ ಬಣ್ಣ ಬಿಡುತ್ತದೆ. ಅಪ್ಪ ಅಂಗಡಿ 'ರನ್' ಮಾಡುತ್ತಾರೆ. ಸುಮ್ನೆ ಗಮನಿಸಿ, ನಾವು ಅಂಗಡಿಯನ್ನು ನಡೆಸುತ್ತೇವೆ, ಅವರು ಓಡಿಸುತ್ತಾರೆ. ಚುನಾವಣೆಗೆ ನಾವು ನಿಲ್ಲುತ್ತೇವೆ. ಬ್ರಿಟನ್ನಿನವರೂ 'ಸ್ಟ್ಯಾಂಡ್' ಅನ್ನುತ್ತಾರೆ. ಅಮೆರಿಕದವರು ಮಾತ್ರ 'ರನ್ ಫಾರ್' ಎಂದು ಓಡುತ್ತಾರೆ.

ಈಗ ಇವನ್ನೆಲ್ಲ ಒಟ್ಟಿಗೆ ನೋಡಿ. ಎಲ್ಲದರ ಒಳಗೂ ತಡೆಯಿಲ್ಲದೆ ಸಾಗುತ್ತಿರುವುದು ಎಂಬ ಒಂದು ಎಳೆ ಇದೆ. ನಾನು ಪುಟದ ಮೇಲೆ ಆ ಒಂದು ಎಳೆಯನ್ನು ಕನ್ನಡದಲ್ಲಿ ಬರೆಯುತ್ತೇನೆ, ಕೆಳಗೆ ಉದಾಹರಣೆ ಹಾಕುತ್ತೇನೆ. ಆಗ ಹೊಸ ಅರ್ಥ ಎದುರಾದರೂ ಊಹಿಸಲು ಬರುತ್ತದೆ. 'ವಿ ರಾನ್ ಔಟ್ ಆಫ್ ಸಾಲ್ಟ್' ಎಂದು ಮೊದಲ ಸಲ ಓದಿದಾಗ ಉಪ್ಪು ಎಲ್ಲಿಗೆ ಓಡಿತು ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ಸಾಗುತ್ತಿದ್ದದ್ದು ಮುಗಿಯಿತು, ಉಪ್ಪು ಖಾಲಿ.

ಇದೇ ರೀತಿ 'ಗೆಟ್', 'ಟೇಕ್', 'ಸೆಟ್', 'ಕೀಪ್', 'ಬ್ರೇಕ್' ಇವನ್ನು ಮಾಡಿ. ವಾರಕ್ಕೊಂದು ಸಾಕು. ಯಾವ ಪದ ಮೊದಲು ಎಂದು ತಿಳಿಯದಿದ್ದರೆ, ಹೆಚ್ಚು ಬಳಕೆಯ ಪದಗಳ ಪಟ್ಟಿಗಳಿವೆ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಇಂಥ ಪಟ್ಟಿ ಹೊರತಂದರು. ಈಗ ಡಿಕ್ಷನರಿಗಳೇ ಮುಖ್ಯ ಪದಗಳಿಗೆ ಗುರುತು ಹಾಕಿರುತ್ತವೆ. ಗುರುತಿಲ್ಲದ ಪದಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಹಂತ 6: ಪದದ ಜೊತೆಗಾರರನ್ನು ಬರೆದುಕೊಳ್ಳಿ

ಕನ್ನಡದ 'ಜೋರು' ಎಷ್ಟು ಉಪಕಾರಿ ನೋಡಿ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್', ಜ್ವರ 'ಹೈ', ದನಿ 'ಲೌಡ್'. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಅಲ್ಲಿ ಹಾಗೆ ರೂಢಿ. ನಾವು 'ಹಾಲು ಕರೆ' ಅನ್ನುತ್ತೇವೆ, 'ಹಾಲು ತೆಗೆ' ಅಂದರೆ ಹಳ್ಳಿಯಲ್ಲಿ ನಗುತ್ತಾರಲ್ಲ, ಅದೇ ಥರ. ಹಾಗಾಗಿ 'ರೇನ್' ಎಂದು ಒಂಟಿಯಾಗಿ ಬರೆಯಬೇಡಿ. 'ಹೆವಿ ರೇನ್' ಎಂದು ಜೋಡಿಯಾಗಿ ಬರೆಯಿರಿ. ನೆನಪಿನಲ್ಲೂ ಜೋಡಿಯಾಗಿಯೇ ಕೂರುತ್ತದೆ.

ನಮ್ಮ 'ಮಾಡು' ಅಲ್ಲಿ 'ಡು' ಮತ್ತು 'ಮೇಕ್' ಎಂದು ಒಡೆಯುತ್ತದೆ. ಹೋಮ್‌ವರ್ಕು 'ಡು', ಪಾತ್ರೆ ತೊಳೆಯುವುದು 'ಡು ದ ಡಿಶಸ್'. ಕಾಫಿ 'ಮೇಕ್', ತಪ್ಪು 'ಮೇಕ್', ಗಲಾಟೆ 'ಮೇಕ್'. ಹೊಸದೊಂದು ಹುಟ್ಟಿದರೆ ಸಾಮಾನ್ಯವಾಗಿ 'ಮೇಕ್', ಇರುವ ಕೆಲಸ ಮುಗಿಸಿದರೆ 'ಡು'. ನಿಯಮ ನೂರಕ್ಕೆ ನೂರು ನಡೆಯುವುದಿಲ್ಲ, ಅನುಮಾನ ಬಂದಾಗ ಡಿಕ್ಷನರಿಯ ಉದಾಹರಣೆ ವಾಕ್ಯ ನೋಡಿ.

ಬಾಲಗಳ ಕಡೆಗೂ ಒಂದು ಕಣ್ಣಿರಲಿ. 'ಡಿಸ್ಕಸ್' ನಂತರ 'ಅಬೌಟ್' ಬೇಡ. 'ರೀಚ್' ನಂತರ 'ಟು' ಬೇಡ. 'ಮ್ಯಾರೀಡ್ ಟು' ಸರಿ, 'ಮ್ಯಾರೀಡ್ ವಿತ್' ಅಲ್ಲ. 'ಕೋಪ್ ವಿತ್', ನಡುವೆ 'ಅಪ್' ಇಲ್ಲ. ಇನ್ನು 'ಇನ್ಫರ್ಮೇಷನ್', 'ಫರ್ನಿಚರ್', 'ಲಗೇಜ್', 'ಈಕ್ವಿಪ್‌ಮೆಂಟ್', 'ಅಡ್ವೈಸ್' ಇವುಗಳಿಗೆ ಕೊನೆಗೆ 'ಸ್' ಹಚ್ಚಬೇಡಿ. ನಾವು ಹಿಟ್ಟುಗಳು, ಮರಳುಗಳು ಅನ್ನುವುದಿಲ್ಲ, ಹಾಗೆ.

ಹಂತ 7: ಊಟವೋ ಭೋಜನವೋ ತಿಳಿಯಿರಿ

ಮನೆಯಲ್ಲಿ ಯಾರಾದರೂ 'ಅಮ್ಮಾ, ಜಲ ಕೊಡು' ಅಂದರೆ ಏನನಿಸುತ್ತದೆ? ನಾಟಕದ ಮಾತು ಅನಿಸುತ್ತದೆ, ಅಲ್ವಾ? ನೀರು ಮತ್ತು ಜಲ ಒಂದೇ ವಸ್ತು. ಆದರೆ ಜಲಮಂಡಳಿಯ ಬಿಲ್ಲಿನಲ್ಲಿ ಜಲ, ಅಡುಗೆಮನೆಯಲ್ಲಿ ನೀರು.

ಇಂಗ್ಲಿಷಿನಲ್ಲೂ ಇಂಥದ್ದೇ ಎರಡು ಪದರ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ಕೋರ್ಟು, ಕಚೇರಿಗಳಲ್ಲಿ ಫ್ರೆಂಚ್ ಕೂತಿತು. ಹೊಲದಲ್ಲಿ, ಅಡುಗೆಮನೆಯಲ್ಲಿ ಹಳೆ ಇಂಗ್ಲಿಷ್ ಉಳಿಯಿತು. ಹಾಗಾಗಿ ಹುಲ್ಲು ಮೇಯುವಾಗ ಅದು 'ಶೀಪ್', ತಟ್ಟೆಗೆ ಬಂದಾಗ 'ಮಟನ್'. ಸಾಕಿದವನು ಹೇಳಿದ್ದು ಒಂದು ಪದ, ತಿಂದವನು ಹೇಳಿದ್ದು ಇನ್ನೊಂದು. ನಮ್ಮಲ್ಲಿ ಆ 'ಮಟನ್' ಮತ್ತೆ ಬದಲಾಗಿ ಆಡಿನ ಮಾಂಸಕ್ಕೂ ನಡೆಯುತ್ತದೆ, ಅದು ಬೇರೆ ಕತೆ.

ನಿಮ್ಮ ಪುಸ್ತಕದಲ್ಲಿ ಈ ಜೋಡಿಗಳಿಗೆ ಜಾಗ ಮಾಡಿ. 'ಬೈ' ನೀರಿನ ಹಾಗೆ, 'ಪರ್ಚೇಸ್' ಜಲದ ಹಾಗೆ. 'ಆಸ್ಕ್' ಮತ್ತು 'ಇನ್‌ಕ್ವೈರ್', 'ಹೆಲ್ಪ್' ಮತ್ತು 'ಅಸಿಸ್ಟ್', 'ಸ್ಟಾರ್ಟ್' ಮತ್ತು 'ಕಮೆನ್ಸ್'. ಗೆಳೆಯನಿಗೆ 'ಐ ಪರ್ಚೇಸ್ಡ್ ಟೊಮ್ಯಾಟೋಸ್' ಅಂದರೆ ತಪ್ಪಲ್ಲ. ಆದರೆ ಟೊಮೆಟೊ ಕ್ರಯ ಮಾಡಿದೆ ಅಂದ ಹಾಗೆ ಕೇಳಿಸುತ್ತದೆ. ನಮ್ಮ ಶಾಲೆಗಳಲ್ಲಿ ದೊಡ್ಡ ಪದಕ್ಕೆ ಜಾಸ್ತಿ ಮಾರ್ಕ್ಸ್ ಸಿಗುತ್ತಿತ್ತು, ಆ ಚಾಳಿ ಇನ್ನೂ ಹೋಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮಾತಿಗೂ ಇಮೇಲಿಗೂ ಚಿಕ್ಕ ಪದವೇ ಚೆಂದ. ದೊಡ್ಡ ಪದ ಗುರುತು ಹಿಡಿಯಲು ಗೊತ್ತಿದ್ದರೆ ಸಾಕು, ಆಡಲೇಬೇಕೆಂದಿಲ್ಲ. 'ಪ್ಲೀಸ್ ಡು ದ ನೀಡ್‌ಫುಲ್' ಎಂದು ಬರೆಯುವ ಬದಲು ಏನು ಮಾಡಬೇಕು ಎಂದು ನೇರವಾಗಿ ಬರೆಯಿರಿ: 'ಪ್ಲೀಸ್ ಸೈನ್ ಪೇಜ್ 3'.

ಹಂತ 8: ಮರೆಯದಂತೆ ಡಬ್ಬಿಯಲ್ಲಿಡಿ

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದ. ಶುರುವಿನಲ್ಲಿ ಸರಸರ ಮರೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಅಂದರೆ ಮೊದಲ ಕೆಲವು ದಿನ ಬೇಗ ಬೇಗ ನೋಡಬೇಕು, ನಂತರ ಬಿಟ್ಟು ಬಿಟ್ಟು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ ಇದಕ್ಕೆ ಒಂದು ಪೆಟ್ಟಿಗೆ ಸೂಚಿಸಿದ. ನಾನು ಮಾಡಿಕೊಂಡದ್ದು ಅದರದೇ ಮನೆಮಟ್ಟದ ನಕಲು.

ಮದುವೆ ಕರೆಯೋಲೆಗಳು ಮನೆಯಲ್ಲಿ ರಾಶಿ ಬಿದ್ದಿರುತ್ತವಲ್ಲ, ಅವುಗಳ ದಪ್ಪ ಕಾಗದದಲ್ಲಿ ಖಾಲಿ ಭಾಗವನ್ನು ಇಸ್ಪೀಟ್ ಎಲೆಯ ಅಳತೆಗೆ ಕತ್ತರಿಸಿ. ಒಂದು ಸ್ವೀಟ್ ಡಬ್ಬದಲ್ಲಿ ರಟ್ಟು ನಿಲ್ಲಿಸಿ ನಾಲ್ಕು ಅಂಕಣ ಮಾಡಿ. ಕಾರ್ಡಿನ ಒಂದು ಬದಿಗೆ ಕನ್ನಡದಲ್ಲಿ ಸಂದರ್ಭ ಬರೆಯಿರಿ: 'ಮನೆಯಲ್ಲಿ ಸಕ್ಕರೆ ಖಾಲಿ, ಪಕ್ಕದ ಮನೆಯವರಿಗೆ ಹೇಳಬೇಕು'. ಇನ್ನೊಂದು ಬದಿಗೆ ಪೂರ್ತಿ ಇಂಗ್ಲಿಷ್ ವಾಕ್ಯ. ಬರೀ ಪದ, ಬರೀ ಅರ್ಥ ಬರೆದರೆ ಮತ್ತೆ ಹಳೆ ಪಟ್ಟಿಯೇ ಆಯಿತು.

ಹೊಸ ಕಾರ್ಡು ಒಂದನೇ ಅಂಕಣಕ್ಕೆ. ಅದನ್ನು ದಿನಾ ನೋಡಿ. ನೆನಪಾದರೆ ಎರಡಕ್ಕೆ, ಅಲ್ಲಿ ಮೂರು ದಿನಕ್ಕೊಮ್ಮೆ. ಮತ್ತೆ ನೆನಪಾದರೆ ಮೂರಕ್ಕೆ, ವಾರಕ್ಕೊಮ್ಮೆ. ನಾಲ್ಕರಲ್ಲಿ ತಿಂಗಳಿಗೊಮ್ಮೆ. ಯಾವ ಅಂಕಣದಲ್ಲಿ ತಪ್ಪಿದರೂ ಕಾರ್ಡು ಒಂದನೆಯದಕ್ಕೆ ವಾಪಸ್. ದಿನಕ್ಕೆ 5 ಹೊಸ ಕಾರ್ಡು ಮೀರಬೇಡಿ. ಮೊದಲ ವಾರದ ಉತ್ಸಾಹದಲ್ಲಿ 20 ಬರೆದವರು ಎರಡನೇ ವಾರಕ್ಕೆ ಡಬ್ಬವನ್ನೇ ಮುಚ್ಚಿಡುತ್ತಾರೆ. ನಾನೂ ಮುಚ್ಚಿಟ್ಟಿದ್ದೆ, ಎರಡು ಸಲ. ಮೊಬೈಲಿನಲ್ಲಿ ಇದನ್ನೇ ಮಾಡುವ ಆಪ್‌ಗಳಿವೆ. ನನಗೆ ಮಾತ್ರ ಮೊಬೈಲ್ ಕೈಗೆ ಬಂದರೆ ಕಾರ್ಡು ನೋಡುವ ಬುದ್ಧಿ ಉಳಿಯುವುದಿಲ್ಲ.

ಕಾರ್ಡಿನ ಜೊತೆ ಇನ್ನೊಂದು ಕೆಲಸ. ಅವತ್ತು ಕಲಿತ ಒಂದು ಪದವನ್ನಾದರೂ ಅವತ್ತೇ ನಿಜವಾದ ಮಾತಿನಲ್ಲಿ ಬಳಸಿ. ತಪ್ಪಾದರೆ ನಗದ ಒಬ್ಬ ಗೆಳೆಯ ಸಾಕು.

ಹಂತ 9: ಪದ ಬಾರದಿದ್ದಾಗ ಸುತ್ತಿ ಹೇಳಿ

ಎಷ್ಟೇ ಕಲಿತರೂ ಮಾತಿನ ನಡುವೆ ಪದ ಕೈಕೊಡುತ್ತದೆ. ಆಗ ಬಾಯಿ ಮುಚ್ಚಬೇಡಿ. ಮೂರು ತುಂಡು ಇಟ್ಟುಕೊಳ್ಳಿ. 'ಇಟ್ಸ್ ಎ ಥಿಂಗ್ ಫಾರ್', ಅಂದರೆ ಇಂಥ ಕೆಲಸಕ್ಕೆ ಬಳಸುವ ವಸ್ತು. 'ಇಟ್ಸ್ ಎ ಕೈಂಡ್ ಆಫ್', ಅಂದರೆ ಇಂಥ ಜಾತಿಯದು. 'ಇಟ್ಸ್ ಲೈಕ್ ಎ', ಅಂದರೆ ಇದರ ಹಾಗಿರುತ್ತದೆ. ಈ ಮೂರರ ಜೊತೆ ಗಾತ್ರ, ಆಕಾರ, ಯಾವುದರಿಂದ ಮಾಡಿದ್ದು ಎಂದು ಸೇರಿಸಿದರೆ ಮುಕ್ಕಾಲು ಕೆಲಸ ಆದಂತೆ.

ನಮ್ಮಕ್ಕ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದಳು. ಓದಿದ್ದು ಏಳನೇ ಕ್ಲಾಸು. ಅಲ್ಲಿ ಅವಳಿಗೆ ಒಗ್ಗರಣೆ ಸೌಟು ಬೇಕಾಯಿತು. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ನನಗೆ ಫೋನ್ ಮಾಡಿದಳು. ನನಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಅವಳೇ ಹೇಳಿದಳಂತೆ: 'ಸ್ಮಾಲ್ ಪ್ಯಾನ್. ಲಾಂಗ್ ಹ್ಯಾಂಡಲ್. ಫಾರ್ ಹಾಟ್ ಆಯಿಲ್ ಅಂಡ್ ಮಸ್ಟರ್ಡ್.' ಅಂಗಡಿಯ ಹುಡುಗಿ ಬೆಣ್ಣೆ ಕರಗಿಸುವ ಪುಟ್ಟ ಬಾಣಲೆ ತಂದುಕೊಟ್ಟಳು. ಅಕ್ಕ ಊರಿಗೆ ವಾಪಸ್ ಬರುವಾಗ ಅದನ್ನೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಿದ್ದಾಳೆ. ಸಾಸಿವೆ ಚೆನ್ನಾಗಿ ಸಿಡಿಯುತ್ತದಂತೆ.